ಸಾವಿನ ಗಳಿಗೆಯನ್ನು ಭರವಸೆಯಿಂದ ಕಲ್ಪಿಸಿಕೊಳ್ಳುವುದು ಹೇಗೆ?

ಕಾರವಾರದಲ್ಲಿ ಹಾಸಿಗೆ ಹಿಡಿದ ಕಥೋಲಿಕ ಮೀನುಗಾರ ತಂದೆಗೆ ಏನು ಹೇಳಲಿ ಎಂದು ಕೇಳಿದ್ದೀರಿ.

ಬೈಬಲ್‌ನಲ್ಲಿರುವ ಯೊವಾನ್ನನ ಸುವಾರ್ತೆಯ 21ನೇ ಅಧ್ಯಾಯ ಓದಿ ಹೇಳಿ. ಶಿಷ್ಯರು ರಾತ್ರಿಯಿಡೀ ಬಲೆ ಬೀಸಿದರೂ ಒಂದು ಮೀನೂ ಸಿಕ್ಕಿರಲಿಲ್ಲ. ಬೆಳಗಾಗುವಾಗ ಯೇಸು ದಡದಲ್ಲಿ ನಿಂತಿದ್ದಾರೆ, ದೋಣಿಗೂ ದಡಕ್ಕೂ ಸುಮಾರು 200 ಮೊಳ ಅಷ್ಟೇ. ಕೆಂಡದ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ‘ಬನ್ನಿ, ಊಟ ಮಾಡಿ’ ಎಂದು ಕರೆಯುತ್ತಾರೆ. ಇದು ಸಾವಿನ ಪ್ರಸಂಗವಲ್ಲ, ಪುನರುತ್ಥಾನದ್ದು, ಅಂದರೆ ಯೇಸು ಸತ್ತು ಮತ್ತೆ ಎದ್ದುಬಂದ ಮೇಲಿನದು. ಅದಕ್ಕೇ ಇಲ್ಲಿ ಒಪ್ಪುತ್ತದೆ. ಕಡಲಿನಲ್ಲೇ ಬದುಕಿದವರಿಗೆ ಆ ಕೆಂಡದ ವಾಸನೆ ಗೊತ್ತು. ಕಣ್ಣು ಮುಚ್ಚಿ ದಡ ನೋಡಲು ಹೇಳಿ, ಅವಸರ ಮಾಡಬೇಡಿ.

ಜನ ಎಡವುವುದು ರೋಗಿಗೆ ತೈಲ ಹಚ್ಚುವ ಸಂಸ್ಕಾರಕ್ಕೆ ಫಾದರನ್ನು ಕರೆಯುವುದರಲ್ಲಿ. ‘ಎಣ್ಣೆ ಹಚ್ಚಿದರೆ ಮುಗಿಯಿತು’ ಎಂಬ ಭಯದಿಂದ ಕೊನೆಯವರೆಗೂ ತಡ ಮಾಡುತ್ತಾರೆ. ಹಣೆಗೂ ಅಂಗೈಗೂ ಪವಿತ್ರ ತೈಲ ಹಚ್ಚುವುದು ರೋಗಿಗೆ ಬಲ ಕೊಡಲು. ತೀರಿಕೊಂಡ ಮೇಲೆ ಆ ಸಂಸ್ಕಾರ ಕೊಡುವುದಿಲ್ಲ. ಪ್ರಜ್ಞೆ ಇರುವಾಗಲೇ ಕರೆದರೆ ಪಾಪನಿವೇದನೆ ಮಾಡಬಹುದು, ಪರಮಪ್ರಸಾದವನ್ನು (ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ) ಪಯಣದ ಬುತ್ತಿಯಾಗಿ ಸ್ವೀಕರಿಸಬಹುದು. ನುಂಗಲು ಕಷ್ಟವಿದ್ದರೆ ಮೊದಲೇ ತಿಳಿಸಿ, ಚಿಕ್ಕ ಚೂರು ಸಾಕು.

ಕೊನೆಯ ಗಂಟೆಗಳಲ್ಲಿ ಬಾಯಿಗೆ ನೀರು ಹೊಯ್ಯಬೇಡಿ, ಶ್ವಾಸಕ್ಕೆ ಇಳಿದೀತು. ಒದ್ದೆ ಹತ್ತಿಯಿಂದ ತುಟಿ ಒರೆಸಿ. ಮಾತು ನಿಂತರೂ ಕಿವಿ ಕೇಳುತ್ತಿರಬಹುದು. ಅವರು ಚಿಕ್ಕಂದಿನಿಂದ ಹೇಳಿದ ಕೊಂಕಣಿ ಜಪವನ್ನೇ ಕಿವಿಯ ಹತ್ತಿರ, ಮೆಲ್ಲಗೆ ಹೇಳುತ್ತಿರಿ.