ನಮ್ಮದು ಬಯಲುಸೀಮೆ, ಗರಸು ಮಣ್ಣು, ಬೋರ್‌ವೆಲ್ ನಂಬೋ ಹಾಗಿಲ್ಲ. ಇಂಥ ನೀರು ಕಮ್ಮಿ ಇರೋ ಜಾಗದಲ್ಲಿ ಚಿಟ್ಟೆ, ದುಂಬಿ ಬರೋ ಹಾಗೆ ಯಾವ ಹೂವಿನ ಗಿಡ ಹಾಕಬಹುದು? ಲಂಟಾನಾ ಆಗುತ್ತಾ?

ಲಂಟಾನಾ ದಯವಿಟ್ಟು ಬೇಡ. ಅದಕ್ಕೆ ಚಿಟ್ಟೆ ಬರೋದು ನಿಜ, ಬರಗಾಲನೂ ತಡ್ಕೊಳ್ಳುತ್ತೆ, ಆದ್ರೆ ಅದು ಅಮೆರಿಕ ಖಂಡದಿಂದ ಬಂದ ಗಿಡ, ಹಣ್ಣು ತಿಂದ ಹಕ್ಕಿಗಳು ಬೀಜನ ಎಲ್ಲೆಲ್ಲೋ ಉದುರಿಸ್ತವೆ, ಬಂಡೀಪುರದ ಕಾಡಲ್ಲೂ ಹಬ್ಬಿಕೊಂಡು ಹುಲ್ಲಿಗೆ ಜಾಗ ಇಲ್ದಂಗೆ ಮಾಡಿದೆ.

ನಿಮ್ಮದು ಬಯಲುಸೀಮೆ, ಗರಸು ಮಣ್ಣು, ಬೋರ್‌ವೆಲ್ ನಂಬೋ ಹಾಗಿಲ್ಲ ಅಂದಿದ್ದೀರಿ. ಹಾಗಾದ್ರೆ ತಂಗಡಿ ಹಾಕಿ. ಆವರಿಕೆ ಅಂತಾನೂ ಕರೀತಾರೆ. ಚಿತ್ರದುರ್ಗ, ಬಳ್ಳಾರಿ ಕಡೆ ರಸ್ತೆ ಪಕ್ಕ, ಗುಡ್ಡದ ಬುಡದಲ್ಲಿ ಯಾರೂ ನೀರು ಹಾಕದೇನೇ ಹಳದಿ ಹೂ ಬಿಟ್ಕೊಂಡು ನಿಂತಿರುತ್ತಲ್ಲ, ಅದೇ ಗಿಡ. ದನ, ಆಡು ಸಾಮಾನ್ಯವಾಗಿ ಬಾಯಿ ಹಾಕಲ್ಲ, ಹಾಗಾಗಿ ಬೇಲಿ ಸರಿ ಇಲ್ದೇ ಇದ್ರೂ ನಡೆಯುತ್ತೆ.

ಈ ಹೂವಲ್ಲಿ ಮಕರಂದ ಇರಲ್ಲ, ಬರೀ ಪರಾಗ. ಅದೂ ಸುಲಭಕ್ಕೆ ಸಿಗಲ್ಲ, ಯಾಕಂದ್ರೆ ಪರಾಗದ ಚೀಲ ಉದ್ದಕ್ಕೆ ಬಿರಿಯೋ ಬದಲು ತುದೀಲಿ ಮಾತ್ರ ಒಂದು ಚೂರು ತೂತು ಬಿಡುತ್ತೆ. ಮರ ಕೊರೆಯೋ ಆ ದಪ್ಪ ಕಪ್ಪು ದುಂಬಿ ಇದೆಯಲ್ಲ, ಅದು ಬಂದು ಕೇಸರಗಳನ್ನ ಕಾಲಲ್ಲಿ ತಬ್ಬಿ ಹಿಡ್ಕೊಂಡು ಮೈಯನ್ನ ಗುಂಯ್ ಅಂತ ನಡುಗಿಸುತ್ತೆ, ಆಗ ಉಪ್ಪಿನ ಡಬ್ಬಿ ಕೊಡವಿದ ಹಾಗೆ ಪರಾಗ ಅದರ ಹೊಟ್ಟೆ ಮೇಲೆ ಉದುರುತ್ತೆ. ಬೆಳಗ್ಗೆ ಬೆಳಗ್ಗೆ ಗಿಡದ ಪಕ್ಕ ಸುಮ್ನೆ ನಿಂತ್ರೆ ಕೇಳಿಸುತ್ತೆ, ಹಾರುವಾಗಿನ ಸದ್ದು ಬೇರೆ, ಹೂ ಹಿಡ್ಕೊಂಡಾಗಿನ ಸದ್ದು ಬೇರೆ. ನಂಗಂತೂ ಇದನ್ನ ಎಷ್ಟು ಸಲ ನೋಡಿದ್ರೂ ಸಾಕಾಗಲ್ಲ. ಸಾಮಾನ್ಯ ಜೇನುಹುಳಕ್ಕೆ ಹೀಗೆ ನಡುಗಿಸೋಕೆ ಬರಲ್ಲ. ಈ ದುಂಬಿಗಳು ಒಣಗಿದ ಮರದಲ್ಲಿ ಗೂಡು ಮಾಡೋದ್ರಿಂದ ತೋಟದಲ್ಲಿ ಒಂದೆರಡು ಒಣ ಕೊಂಬೆ, ಹಳೇ ಮರದ ತುಂಡು ಹಾಗೇ ಬಿಟ್ಟಿರಿ.

ಚಿಟ್ಟೆಗೆ ಬೇಕಾಗಿರೋದು ಇದರ ಎಲೆ. ಎಮಿಗ್ರಂಟ್ ಅನ್ನೋ ತಿಳಿ ಹಸಿರು-ಬಿಳಿ ಚಿಟ್ಟೆ ಎಳೇ ಎಲೆ ಮೇಲೆ ಒಂದೊಂದೇ ಮೊಟ್ಟೆ ಇಡುತ್ತೆ, ಮರಿಹುಳ ಎಲೆದೇ ಹಸಿರು, ಪಕ್ಕದಲ್ಲಿ ಉದ್ದಕ್ಕೆ ಒಂದು ತೆಳು ಬಿಳಿ ಗೆರೆ, ಎಲೆ ದಂಟಿಗೆ ಅಂಟಿ ಮಲಗಿದ್ರೆ ಕಣ್ಣಿಗೇ ಬೀಳಲ್ಲ. ಕೆಲವು ಸಲ ಕೊಂಬೆಗೆ ಕೊಂಬೇನೇ ಬೋಳಾಗುತ್ತೆ. ಆಗ ಗಾಬರಿಯಾಗಿ ಔಷಧಿ ಹೊಡೀಬೇಡಿ, ಬೇವಿನೆಣ್ಣೇನೂ ಬೇಡ, ನೀವು ಗಿಡ ಹಾಕ್ತಿರೋದೇ ಆ ಹುಳಕ್ಕೆ. ಬೇರು ಚೆನ್ನಾಗಿ ಇಳಿದಿರೋ ಗಿಡ ಮತ್ತೆ ಚಿಗುರುತ್ತೆ. ಹುಳ ಇದ್ರೇನೇ ಮರಿ ಸಾಕೋ ಹಕ್ಕಿಗಳೂ ಬರೋದು.

ಬೆಳೆಸೋದು ಕಷ್ಟ ಇಲ್ಲ. ಕಂದು ಬಣ್ಣಕ್ಕೆ ತಿರುಗಿದ ಚಪ್ಪಟೆ ಕಾಯಿಂದ ಬೀಜ ಬಿಡಿಸ್ಕೊಳ್ಳಿ. ಸಿಪ್ಪೆ ಬಹಳ ಗಟ್ಟಿ, ಹಾಗೇ ಹಾಕಿದ್ರೆ ತಿಂಗಳುಗಟ್ಟಲೆ ಸುಮ್ನೆ ಬಿದ್ದಿರುತ್ತೆ. ನೀರು ಕುದಿಸಿ, ಒಲೆಯಿಂದ ಇಳಿಸಿ, ಅದರಲ್ಲಿ ಬೀಜ ಹಾಕಿ ರಾತ್ರಿಯೆಲ್ಲಾ ಬಿಡಿ. ಬೆಳಗ್ಗೆ ಉಬ್ಬಿರೋದನ್ನ ಬಿತ್ತಿ, ಉಬ್ಬದೇ ಇರೋದಕ್ಕೆ ಇನ್ನೊಂದು ಸಲ ಹಾಗೇ ಮಾಡಿ. ಮಳೆ ಹಿಡಿದ ಮೇಲೆ ನೇರವಾಗಿ ನೆಲಕ್ಕೇ ಅರ್ಧ ಇಂಚು ಆಳಕ್ಕೆ ಹಾಕೋದು ಒಳ್ಳೇದು, ತಾಯಿಬೇರು ಬೇಗ ಕೆಳಗಿಳಿಯುತ್ತೆ, ಪ್ಲಾಸ್ಟಿಕ್ ಕವರಲ್ಲಿ ಬಹಳ ದಿನ ಇಟ್ರೆ ಅದು ಸುತ್ತಿಕೊಂಡು ಆಮೇಲೆ ಗಿಡ ಏಳಲ್ಲ. ಗಿಡದಿಂದ ಗಿಡಕ್ಕೆ ಐದಾರು ಅಡಿ ಬಿಡಿ. ಮೊದಲ ಬೇಸಿಗೆ ಮಾತ್ರ ಆಗಾಗ ನೀರು ಕೊಡಿ, ಆಮೇಲೆ ಬಿಟ್ಟುಬಿಡಿ, ನೀರು ನಿಲ್ಲೋ ತಗ್ಗಲ್ಲಂತೂ ಹಾಕಲೇಬೇಡಿ. ಗೊಬ್ಬರದ ಅಗತ್ಯ ಇಲ್ಲ. ಬೇಳೆಕಾಳಿನ ಕುಟುಂಬದ್ದು ಅಂತ ಇದು ಮಣ್ಣಿಗೆ ಸಾರಜನಕ ಸೇರಿಸುತ್ತೆ ಅಂತ ಕೆಲವರು ಹೇಳ್ತಾರೆ, ಆದ್ರೆ ತಂಗಡಿ ಸೇರಿರೋ ಸೆನ್ನಾ ಗುಂಪಿನ ಗಿಡಗಳ ಬೇರಲ್ಲಿ ಸಾಮಾನ್ಯವಾಗಿ ಸಾರಜನಕ ಹಿಡಿಯೋ ಬ್ಯಾಕ್ಟೀರಿಯಾ ಇರೋ ಗಂಟುಗಳು ಇರಲ್ಲ, ಅದನ್ನ ನೆಚ್ಕೋಬೇಡಿ.

ನರ್ಸರೀಲಿ ತಗೊಳ್ಳೋದಾದ್ರೆ ಹುಷಾರು, ಹಳದಿ ಹೂ ಬಿಡೋ ಬೇರೆ ಸೆನ್ನಾಗಳೂ ಇವೆ, ಅದರಲ್ಲಿ ಸ್ಪೆಕ್ಟಾಬಿಲಿಸ್ ಅನ್ನೋ ಮರವಂತೂ ಈಗ ಕಾಡಿಗೆ ದೊಡ್ಡ ತಲೆನೋವು. ತಂಗಡಿ ಎಲೆದಂಟಿನ ಬುಡದಲ್ಲಿ ಕಿವಿ ಆಕಾರದ ಅಗಲವಾದ ಪುಟ್ಟ ಎಲೆ ಇರುತ್ತೆ, ಅದನ್ನ ನೋಡಿ ತಗೊಳ್ಳಿ. ಮತ್ತೆ ರೆಕ್ಕೆ ಬಂದ ಚಿಟ್ಟೆಗಳಿಗೆ ಮಕರಂದ ಬೇಕಲ್ಲ, ಅದಕ್ಕೆ ಪಕ್ಕದಲ್ಲೇ ತುಂಬೆ, ಗೋರಂಟೆ ಹಾಕಿ, ಅವೂ ಇಲ್ಲಿಯವೇ, ನೀರೂ ಜಾಸ್ತಿ ಕೇಳಲ್ಲ.