ಗೆಳೆಯನಿಗೆ ಕೊಟ್ಟ ಕೈಸಾಲ ವಾಪಸ್ ಪಡೆಯುವುದು ಹೇಗೆ?

ಪ್ರಶ್ನೆ: ಎರಡು ವರ್ಷ ನಾಲ್ಕು ತಿಂಗಳ ಹಿಂದೆ ಆಪ್ತ ಗೆಳೆಯನೊಬ್ಬನಿಗೆ, ಅವನ ಪತ್ನಿಯ ಶಸ್ತ್ರಚಿಕಿತ್ಸೆಗೆಂದು 2 ಲಕ್ಷ ರೂಪಾಯಿಯನ್ನು ಬ್ಯಾಂಕ್ ಖಾತೆಯ ಮೂಲಕ ಕೈಸಾಲವಾಗಿ ಕೊಟ್ಟೆ. ಪತ್ರ ಬರೆಸಿಕೊಳ್ಳಲಿಲ್ಲ, ಹಿಂತಿರುಗಿಸುವ ದಿನವನ್ನೂ ಗೊತ್ತುಮಾಡಲಿಲ್ಲ. ಮೊದಮೊದಲು ‘ಮುಂದಿನ ತಿಂಗಳು ಖಂಡಿತ’ ಎನ್ನುತ್ತಿದ್ದವನು ಈಗ ಕರೆಯನ್ನೇ ಸ್ವೀಕರಿಸುವುದಿಲ್ಲ. ಈಚೆಗೆ ಮದುವೆಯೊಂದರಲ್ಲಿ ಎದುರಾದಾಗ ಮಕ್ಕಳ ಓದಿನ ಬಗ್ಗೆ ವಿಚಾರಿಸಿ, ನಾನು ಹಣದ ಮಾತೆತ್ತುವ ಮೊದಲೇ ಜಾಗ ಖಾಲಿ ಮಾಡಿದ. ‘ನಿನ್ನ ದುಡ್ಡು ಮರೆತಿಲ್ಲ, ಸ್ವಲ್ಪ ಟೈಮ್ ಕೊಡು’ ಎಂಬ ಅವನ ಹಳೆಯ ವಾಟ್ಸ್‌ಆ್ಯಪ್ ಸಂದೇಶವೊಂದು ನನ್ನ ಬಳಿ ಇದೆ. ಪೊಲೀಸರಿಗೆ ದೂರು ಕೊಡಬಹುದೇ?
– ಹೆಸರು ಬೇಡ

ಉತ್ತರ: ಪೊಲೀಸ್ ದೂರಿನಿಂದ ನಿಮಗೆ ಪ್ರಯೋಜನವಾಗದು. ಹಣ ಪಡೆಯುವಾಗಲೇ ಮೋಸದ ಉದ್ದೇಶವಿತ್ತೆಂದು ತೋರಿಸಲಾಗದಿದ್ದರೆ, ಸಾಲ ತೀರಿಸದಿರುವುದಷ್ಟೇ ವಂಚನೆಯ ಅಪರಾಧವಾಗುವುದಿಲ್ಲ. ಅದು ಸಿವಿಲ್ ವ್ಯಾಜ್ಯ.

ನಿಮ್ಮ ಪತ್ರದಲ್ಲಿ ನನ್ನನ್ನು ಆತಂಕಕ್ಕೀಡು ಮಾಡಿದ್ದು ಗೆಳೆಯನ ನಡತೆಗಿಂತ ಹೆಚ್ಚಾಗಿ ‘ಎರಡು ವರ್ಷ ನಾಲ್ಕು ತಿಂಗಳು’ ಎಂಬ ಮಾತು. 1963ರ ಕಾಲಮಿತಿ ಕಾಯ್ದೆಯ ಪ್ರಕಾರ, ಮರುಪಾವತಿಯ ದಿನ ಗೊತ್ತುಮಾಡದ ಕೈಸಾಲಕ್ಕೆ ದಾವೆ ಹೂಡಲು ಇರುವ ಮೂರು ವರ್ಷಗಳ ಎಣಿಕೆ ಹಣ ಕೊಟ್ಟ ದಿನದಿಂದಲೇ ಶುರುವಾಗುತ್ತದೆ. ಕೊನೆಯ ಸಲ ಕೇಳಿದ ದಿನದಿಂದ ಲೆಕ್ಕವೆಂದು ನಂಬಿ ಕುಳಿತು ಹಣ ಕಳೆದುಕೊಂಡವರು ಬಹಳ. ನೂರು ಸಲ ಫೋನ್ ಮಾಡಿದರೂ, ವಕೀಲರಿಂದ ನೋಟಿಸ್ ಕೊಡಿಸಿದರೂ ಆ ಗಡುವು ಒಂದು ದಿನವೂ ಮುಂದೆ ಹೋಗುವುದಿಲ್ಲ. ನಿಮಗೆ ಉಳಿದಿರುವುದು ಎಂಟು ತಿಂಗಳು ಮಾತ್ರ.

ಆದರೆ ಅವಧಿ ಮುಗಿಯುವುದರೊಳಗೆ ಸಾಲಗಾರನೇ ಬಾಕಿಯನ್ನು ಒಪ್ಪಿ ಬರೆದು ಸಹಿ ಮಾಡಿದರೆ, ಆ ದಿನದಿಂದ ಮತ್ತೆ ಮೂರು ವರ್ಷ ಸಿಗುತ್ತದೆ. ಆದ್ದರಿಂದ ಗೆಳೆಯನ ಮನೆಗೇ ಹೋಗಿ, ಇಬ್ಬರಿಗೂ ಬೇಕಾದ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು, ‘ಒಟ್ಟಿಗೆ ಆಗದಿದ್ದರೆ ಕಂತಿನಲ್ಲಿ ಕೊಡು, ಲೆಕ್ಕವನ್ನು ಮಾತ್ರ ಇಂದು ಬರೆದುಕೊಡು’ ಎಂದು ಕೇಳಿ. ಇಂಥ ದಿನ ಬ್ಯಾಂಕ್ ಮೂಲಕ 2 ಲಕ್ಷ ರೂಪಾಯಿ ಸಾಲ ಪಡೆದಿದ್ದೇನೆ, ಅದು ಇನ್ನೂ ಬಾಕಿ ಇದೆ, ಇಂತಿಷ್ಟು ಕಂತುಗಳಲ್ಲಿ ತೀರಿಸುತ್ತೇನೆ ಎಂಬಷ್ಟು ಸಾಕು. ಕೆಳಗೆ ದಿನಾಂಕ, ಸಹಿ. ‘ಸಾಲ’ ಎಂಬ ಪದ ಅದರಲ್ಲಿ ಇರಲೇಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್ ಹಣ ಹೋದದ್ದನ್ನಷ್ಟೇ ತೋರಿಸುತ್ತದೆ, ಏಕೆ ಹೋಯಿತೆಂಬುದನ್ನು ಹೇಳುವುದಿಲ್ಲ. ನಾಳೆ ಆತ ‘ಅದು ಸಹಾಯ’ ಎಂದೋ ‘ನನಗೆ ಬರಬೇಕಿದ್ದ ಹಳೆಯ ಬಾಕಿ’ ಎಂದೋ ವಾದಿಸಬಹುದು.

ಈ ದೃಷ್ಟಿಯಿಂದ ನಿಮ್ಮ ಬಳಿಯಿರುವ ಸಂದೇಶ ಬೆಲೆಯುಳ್ಳದ್ದು. ಅದನ್ನು ಅಳಿಸಬೇಡಿ, ಆ ಫೋನನ್ನೂ ಮಾರಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ, ನಿಗದಿತ ಪ್ರಮಾಣಪತ್ರದೊಂದಿಗೆ ಅದರ ಪ್ರತಿಯನ್ನು ನ್ಯಾಯಾಲಯಕ್ಕೆ ಸಲ್ಲಿಸಬಹುದು. ಆದರೂ ಗಡುವನ್ನು ಹೊಸದಾಗಿಸಲು ಅದೊಂದನ್ನೇ ನೆಚ್ಚಿಕೊಳ್ಳದೆ, ಕಾಗದದ ಮೇಲಿನ ಸಹಿಯನ್ನೇ ಪಡೆಯಿರಿ.

ಆತ ಚೆಕ್ ಕೊಡಲು ಒಪ್ಪಿದರೆ ಇನ್ನೂ ಒಳ್ಳೆಯದು. ಮೂರು ತಿಂಗಳೊಳಗೆ ಅದನ್ನು ಬ್ಯಾಂಕಿಗೆ ಹಾಕಿ. ಹಣವಿಲ್ಲದೆ ಚೆಕ್ ಬೌನ್ಸ್ ಆದರೆ, ಬ್ಯಾಂಕ್ ತಿಳಿಸಿದ 30 ದಿನಗಳೊಳಗೆ ಲಿಖಿತ ನೋಟಿಸ್ ಕೊಡಬೇಕು. ನೋಟಿಸ್ ತಲುಪಿದ 15 ದಿನಗಳಲ್ಲೂ ಹಣ ಬಾರದಿದ್ದರೆ, ನಂತರದ ಒಂದು ತಿಂಗಳೊಳಗೆ ಚೆಕ್‌ಗಳಿಗೆ ಸಂಬಂಧಿಸಿದ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ದೂರು ದಾಖಲಿಸಬಹುದು.

ಅವನು ಸಹಿಗೂ ಒಪ್ಪದೆ, ಚೆಕ್ಕನ್ನೂ ಕೊಡದೆ ಜಾರಿಕೊಂಡರೆ ಇನ್ನು ಕಾಯಬೇಡಿ. ವಕೀಲರ ಮೂಲಕ ನೋಟಿಸ್ ಕಳಿಸಿ, ಜೊತೆಜೊತೆಗೇ ತಾಲ್ಲೂಕಿನ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ. ದಾವೆ ಹೂಡುವ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ (ತೀರ್ಪಿನ ಆದೇಶ) ಬಲವಿರುತ್ತದೆ, ಮೇಲ್ಮನವಿಗೆ ಅವಕಾಶವಿರುವುದಿಲ್ಲ. ರಾಜಿಯ ಮಾತುಕತೆ ನಡೆಯುತ್ತಿದೆಯೆಂದು ಗಡುವು ನಿಲ್ಲದು. ಹಣ ವರ್ಗಾವಣೆಯಾದ ದಿನಾಂಕವನ್ನು ಇಂದೇ ಪಾಸ್‌ಬುಕ್‌ನಲ್ಲಿ ನೋಡಿ ಬರೆದಿಟ್ಟುಕೊಳ್ಳಿ; ಮೂರು ವರ್ಷ ತುಂಬಲು ಎರಡು ತಿಂಗಳಿರುವಾಗಲೂ ಸಹಿ ಸಿಗದಿದ್ದರೆ, ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿಬಿಡಿ.