ಸೇರುವ ಮುಂಚೆ ಒಂದು ವಾರ ವಿದ್ಯಾರ್ಥಿಯಾಗಿ ನೋಡಿ

ಪ್ರಶ್ನೆ: ನನಗೆ 41 ವರ್ಷ. ದಿನವಿಡೀ ಲೆಕ್ಕಪತ್ರ ನೋಡುವ ಕೆಲಸ. ಇತಿಹಾಸ ಅಂದರೆ ಚಿಕ್ಕಂದಿನಿಂದ ಪ್ರಾಣ. ದೂರಶಿಕ್ಷಣದಲ್ಲಿ ಇತಿಹಾಸದ ಪದವಿಗೆ ಸೇರೋಣ ಅಂತಿದ್ದೇನೆ. ಶುಲ್ಕ ಕಟ್ಟುವ ಮುಂಚೆ ವಿಶ್ವವಿದ್ಯಾಲಯಗಳು ಆನ್‌ಲೈನ್‌ನಲ್ಲಿ ಉಚಿತವಾಗಿ ಇಟ್ಟಿರುವ ಪಾಠಗಳನ್ನು ನೋಡಿ ತೀರ್ಮಾನ ಮಾಡಬಹುದಾ ಮೇಡಂ? ಎಷ್ಟು ನೋಡಿದರೆ ಸಾಕು?

ಉತ್ತರ: ಖಂಡಿತ ನೋಡಿ. ಆದರೆ ಬರೀ ವಿಡಿಯೊ ನೋಡಿ ತೀರ್ಮಾನ ಮಾಡಬೇಡಿ. ನಾನು ಹಾಗೆ ಮಾಡಿ ಪೆಟ್ಟು ತಿಂದವಳು.

ಅಮೆರಿಕದ ಯೇಲ್ ವಿಶ್ವವಿದ್ಯಾಲಯ 2007ರಿಂದ ತನ್ನ ಕೆಲವು ತರಗತಿಗಳನ್ನು ಚಿತ್ರೀಕರಿಸಿ ಎಲ್ಲರಿಗೂ ಬಿಟ್ಟಿದೆ. ಪ್ರಾಚೀನ ಗ್ರೀಸ್ ಬಗ್ಗೆ ಡೊನಾಲ್ಡ್ ಕೇಗನ್ ಮಾಡಿದ 24 ಪಾಠಗಳನ್ನು ನಾನು ಒಂದೇ ತಿಂಗಳಲ್ಲಿ ಕೇಳಿ ಮುಗಿಸಿದೆ. ಬಟ್ಟೆ ಮಡಿಸುತ್ತಾ ಕೇಳಿದ್ದೇ ಜಾಸ್ತಿ. ಎಲ್ಲ ಅರ್ಥವಾಯಿತು ಅನ್ನುವ ಧೈರ್ಯದಲ್ಲಿ ಒಂದು ಕೋರ್ಸಿಗೆ ಸೇರಿದೆ. ಮೊದಲ ಪ್ರಬಂಧ ವಾಪಸ್ ಬಂದಾಗ ಅಂಚಿನಲ್ಲಿ ಒಂದು ಸಾಲು ಇತ್ತು: ‘ಕಥೆ ಚೆನ್ನಾಗಿ ಹೇಳಿದ್ದೀರಿ, ನಿಮ್ಮ ವಾದ ಎಲ್ಲಿ?’ ಎರಡು ದಿನ ಪುಸ್ತಕ ಮುಟ್ಟಲಿಲ್ಲ. ಕೇಳುವುದು ಬೇರೆ, ಇತಿಹಾಸ ಓದುವ ಕೆಲಸ ಬೇರೆ ಅಂತ ಗೊತ್ತಾಗಿದ್ದು ಆಗ.

ನೀವು ರುಚಿ ನೋಡಬೇಕಾದ್ದು ಆ ಕೆಲಸವನ್ನು. ಅದಕ್ಕೆ ಒಂದು ವಾರ ಸಾಕು.

ಯೇಲ್‌ನದೇ ಇನ್ನೊಂದು ಕೋರ್ಸ್ ಇದೆ. ಸಾಂಕ್ರಾಮಿಕ ರೋಗಗಳ ಇತಿಹಾಸದ ಮೇಲೆ ಫ್ರಾಂಕ್ ಸ್ನೋಡನ್ ಮಾಡಿದ 26 ಪಾಠಗಳು. ಅದರಲ್ಲಿ ಪ್ಲೇಗ್ ಬಗ್ಗೆ ಇರುವುದನ್ನು ಮಾತ್ರ ಕೇಳಿ. ಇಂಗ್ಲಿಷ್ ವೇಗ ಅನ್ನಿಸಿದರೆ ಪಾಠದ ಅಕ್ಷರರೂಪವೂ ಅಲ್ಲೇ ಇದೆ, ಓದಿಕೊಳ್ಳಿ. ಆಮೇಲೆ ಪ್ಲೇಗ್ ಹರಡಿದ್ದ 1665ರ ಲಂಡನ್ನಿನ ಸಾವಿನ ವಾರಪಟ್ಟಿಯೊಂದನ್ನು (ಇಂಗ್ಲಿಷಿನಲ್ಲಿ ‘ಬಿಲ್ಸ್ ಆಫ್ ಮಾರ್ಟಾಲಿಟಿ’) ಹುಡುಕಿ. ಇವುಗಳ ಚಿತ್ರಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ.

ಒಂದೇ ಹಾಳೆ. ಒಂದು ಬದಿಯಲ್ಲಿ ಯಾವ ಚರ್ಚಿನ ವ್ಯಾಪ್ತಿಯಲ್ಲಿ ಎಷ್ಟು ಜನರನ್ನು ಹೂಳಿದರು ಅಂತ. ಇನ್ನೊಂದು ಬದಿಯಲ್ಲಿ ಸಾವಿನ ಕಾರಣಗಳು. ‘ಹಲ್ಲು’, ‘ಹೆದರಿಕೆ’ ಅಂತಲೂ ಕಾರಣ ಬರೆದಿರುವ ಪಟ್ಟಿಗಳಿವೆ! ಆ ವರ್ಷ ಆಗಸ್ಟ್ ಕೊನೆಯ ವಾರದಲ್ಲಿ ಒಟ್ಟು 7,496 ಸಾವು, ಅದರಲ್ಲಿ ಪ್ಲೇಗಿಗೆ 6,102.

ಲೆಕ್ಕ ನೋಡುವವರು ನೀವು, ಈ ಸಂಖ್ಯೆ ಕೊಟ್ಟವರು ಯಾರು ಅಂತ ಮೊದಲು ಕೇಳುತ್ತೀರಿ ಅಲ್ವಾ? ಹೆಣ ನೋಡಿ ಕಾರಣ ಹೇಳುತ್ತಿದ್ದವರು ಹೆಚ್ಚಾಗಿ ಬಡ ಮುದುಕಿಯರು. ಪ್ಲೇಗ್ ಅಂದುಬಿಟ್ಟರೆ ಬದುಕಿದ್ದವರನ್ನೂ ಒಳಗಿಟ್ಟು 40 ದಿನ ಮನೆಗೆ ಬೀಗ ಹಾಕುತ್ತಿದ್ದರು. ಹಾಗಿರುವಾಗ ಮನೆಯವರು ನಿಜ ಹೇಳುತ್ತಾರಾ? ಅದೇ ಊರಿನಲ್ಲಿದ್ದ ಸ್ಯಾಮ್ಯುಯೆಲ್ ಪೀಪ್ಸ್ ಅನ್ನುವ ಅಧಿಕಾರಿ ತನ್ನ ದಿನಚರಿಯಲ್ಲಿ, ಆ ವಾರ ಸತ್ತವರು ನಿಜಕ್ಕೂ 10,000ದ ಹತ್ತಿರ ಇರಬಹುದು ಅಂತ ಬರೆದಿದ್ದಾನೆ. ಬಡವರನ್ನು ಎಣಿಸಿ ಮುಗಿಯುತ್ತಿಲ್ಲ, ಕ್ರೈಸ್ತರಲ್ಲೇ ಬೇರೆಯಾದ ಕ್ವೇಕರ್ ಪಂಥದಂಥವರು ಸಾವಿಗೆ ಚರ್ಚಿನ ಗಂಟೆ ಬಾರಿಸಲು ಬಿಡುವುದಿಲ್ಲ, ಹಾಗಾಗಿ ಅವರ ಸಾವು ಲೆಕ್ಕಕ್ಕೇ ಬರುವುದಿಲ್ಲ ಅನ್ನುವುದು ಅವನು ಕೊಡುವ ಕಾರಣ.

ಈಗ ಬರೆಯಲು ಕೂತುಕೊಳ್ಳಿ. ಈ 6,102ನ್ನು ಎಷ್ಟರ ಮಟ್ಟಿಗೆ ನಂಬಬಹುದು? 500 ಪದ. ಪ್ಲೇಗಿನ ಕಥೆ ಬೇಡ, ನಿಮ್ಮ ಉತ್ತರ ಬೇಕು, ಒಂದೊಂದು ಮಾತಿಗೂ ಆಧಾರ ಬೇಕು. ಮೊದಲ ಸಲ ಕೈ ಓಡುವುದಿಲ್ಲ, ಅದಕ್ಕೆ ಹೆದರಬೇಡಿ. ಕಷ್ಟಪಡುತ್ತಲೇ ಹೊತ್ತು ಹೋಗಿದ್ದು ಗೊತ್ತಾಗಲಿಲ್ಲ ಅಂದರೆ ಸೇರಿಕೊಳ್ಳಿ. ಯಾವಾಗ ಮುಗಿಯುತ್ತೋ ಅನ್ನಿಸಿದರೆ ಪಾಠಗಳನ್ನು ಕೇಳುತ್ತಾ ಸುಮ್ನೆ ಖುಷಿಪಡಿ. ಅದೂ ಒಳ್ಳೆಯದೇ, ಅದಕ್ಕೆ ಪದವಿ ಬೇಕಿಲ್ಲ.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ತನ್ನ ಪಾಠಸಾಮಗ್ರಿಯನ್ನು 2002ರಿಂದ ಹೊರಗಿಡುತ್ತಿದೆ. ಅಲ್ಲಿನ ಇತಿಹಾಸದ ಕೋರ್ಸುಗಳಲ್ಲಿ ವಾರವಾರದ ಓದಿನ ಪಟ್ಟಿ ಮತ್ತು ಪ್ರಬಂಧದ ಪ್ರಶ್ನೆಗಳನ್ನು ನೋಡಿ. ಪುಸ್ತಕಗಳಿಗೆ ಹಕ್ಕುಸ್ವಾಮ್ಯ ಇರುವುದರಿಂದ ಎಷ್ಟೋ ಕಡೆ ಹೆಸರು ಮಾತ್ರ ಇರುತ್ತದೆ. ಆದರೂ ಕೆಲಸ ಮುಗಿಸಿ ಬಂದ ಮೇಲೆ ಅಷ್ಟು ಓದಲು ಆಗುತ್ತದಾ ಅಂತ ಅಂದಾಜು ಸಿಗುತ್ತದೆ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 2006ರಲ್ಲಿ ಶುರುಮಾಡಿದ ಓಪನ್‌ಲರ್ನ್ ಇನ್ನೂ ಅನುಕೂಲ. ಅಲ್ಲಿನ ಎಷ್ಟೋ ಪಾಠಗಳು ಅವರ ಶುಲ್ಕದ ಕೋರ್ಸುಗಳಿಂದಲೇ ತೆಗೆದವು. ಎಷ್ಟು ಗಂಟೆ ಬೇಕು, ಯಾವ ಮಟ್ಟದ್ದು ಅಂತಲೂ ಹಾಕಿರುತ್ತಾರೆ. ಮೊದಲ ಮಟ್ಟದ್ದು ಒಂದು, ಮೇಲಿನ ಮಟ್ಟದ್ದು ಒಂದು ಮಾಡಿ ನೋಡಿ. ಮುಗಿಸಿದವರಿಗೆ ಭಾಗವಹಿಸಿದ ಪತ್ರ ಕೊಡುತ್ತಾರೆ, ಅದು ಪದವಿಯ ಲೆಕ್ಕಕ್ಕೆ ಸೇರುವುದಿಲ್ಲ.

ಉಚಿತ ಪಾಠದಲ್ಲಿ ಸಿಗದಿರುವುದು ನಿಮ್ಮ ಬರಹ ಓದಿ ತಿದ್ದುವ ಮೇಷ್ಟ್ರು. ನೀವು ದುಡ್ಡು ಕೊಡುವುದು ಮುಖ್ಯವಾಗಿ ಅವರಿಗಾಗಿ. ಅದಕ್ಕೇ ಸೇರಬೇಕೆಂದಿರುವ ವಿಶ್ವವಿದ್ಯಾಲಯಕ್ಕೆ ಫೋನ್ ಮಾಡಿ, ಪ್ರಬಂಧ ತಿದ್ದುವವರು ಯಾರು, ಅಂಕದ ಜೊತೆ ಟಿಪ್ಪಣಿಯನ್ನೂ ಬರೆಯುತ್ತಾರಾ, ಎಷ್ಟು ದಿನದಲ್ಲಿ ವಾಪಸ್ ಕೊಡುತ್ತಾರೆ ಅಂತ ಕೇಳಿ.